ಒಂದೇ ಮೆಳ್ಳೆಗಣ್ಣಿಗೆ ಇಬ್ಬರು ಡಾಕ್ಟರು

ನನಗೂ ದೊಡ್ಡಪ್ಪನ ಮಗಳು ಅಕ್ಕನಿಗೂ ಒಂದೇ ಥರದ ಕಣ್ಣು. ದಣಿದರೆ, ಬಿಸಿಲಿಗೆ ಬಂದರೆ, ಎಡಗಣ್ಣಿನ ಗುಡ್ಡೆ ಕಿವಿಯ ಕಡೆ ಸರಿದುಬಿಡುತ್ತಿತ್ತು. ಅಜ್ಜಿಗೂ ಹಾಗೇ ಇತ್ತಂತೆ. ಅಂಬಾಜಿದುರ್ಗದ ತಪ್ಪಲಿನ ನಮ್ಮೂರಲ್ಲಿ ಅಪ್ಪ, ದೊಡ್ಡಪ್ಪ ಭಾಗವಾಗಿ ಅಂಗಳಕ್ಕೆ ಗೋಡೆ ಎಬ್ಬಿಸಿದ್ದರು. ಬಾವಿಯೊಂದು ಭಾಗವಾಗದೆ ಉಳಿದಿತ್ತು, ಜಗಳವೆಲ್ಲ ಅಲ್ಲೇ.

ಐವತ್ತರ ದಶಕದ ಕೊನೆಗೆ ದೊಡ್ಡಪ್ಪ ಮಗಳನ್ನು ಬೆಂಗಳೂರಿಗೆ ಕರೆದೊಯ್ದರು. ಅಲ್ಲಿನ ಡಾಕ್ಟರು ಎರಡೂ ಕಣ್ಣಿನ ಹೊರಗಡೆಯ ಸ್ನಾಯು ಬಿಡಿಸಿ, ಹಿಂದಕ್ಕೆ ಹೊಲಿದು ಸಡಿಲ ಮಾಡಿದರು. ಪಟ್ಟಿ ಬಿಚ್ಚಿದಾಗ ಕಣ್ಣು ನೆಟ್ಟಗಿತ್ತು. ದೊಡ್ಡಮ್ಮ ಅಕ್ಕನನ್ನು ಬಾವಿಕಟ್ಟೆಗೆ ತಂದು ನಮ್ಮಮ್ಮನ ಎದುರಿಗೇ ನಿಲ್ಲಿಸಿದಳು.

ಅಪ್ಪನಿಗೆ ತಡೆಯಲಾಗಲಿಲ್ಲ. ಅಣ್ಣ ಹೋದ ಕಡೆಗೆ ಹೋಗಬಾರದೆಂದು ಬೇರೆ ಡಾಕ್ಟರನ್ನು ಹುಡುಕಿದರು. ಇವರು ಒಳ್ಳೆಯ ಕಣ್ಣನ್ನು ಮುಟ್ಟುವುದಿಲ್ಲವೆಂದರು. ಎಡಗಣ್ಣಿನ ಹೊರಸ್ನಾಯುವನ್ನು ಸಡಿಲಿಸಿ, ಒಳಸ್ನಾಯುವನ್ನು ಒಂದಿಷ್ಟು ಕತ್ತರಿಸಿ ಬಿಗಿ ಮಾಡಿದರು. ಪಟ್ಟಿ ಬಿಚ್ಚಿದಾಗ ನನ್ನ ಕಣ್ಣು ಮೂಗಿನ ಕಡೆ ವಾಲಿತ್ತು. ಒಂದು ದೀಪ ಎರಡಾಗಿ ಕಾಣುತ್ತಿತ್ತು. ಮೊದಲು ಹೀಗೆ ವಾಲಿದ್ದರೇ ಒಳ್ಳೆಯದು, ಮೆಲ್ಲಗೆ ಸರಿಹೋಗುತ್ತದೆ ಎಂದು ಡಾಕ್ಟರು ಹೇಳಿದ್ದನ್ನು ಊರಲ್ಲಿ ಕೇಳುವವರು ಯಾರು? ಕೋಪ ಬಂದರೂ ನಗು ಬಂದರೂ ತೆಲುಗಿಗೆ ತಿರುಗುವ ದೊಡ್ಡಮ್ಮ ನನ್ನನ್ನು ತೆಲುಗಿನಲ್ಲೇ ಆಡಿಕೊಂಡಳು. ಅಕ್ಕ ನನ್ನ ಹಾಗೆ ಕಣ್ಣು ಮಾಡಿ ತೋರಿಸಿದಳು. ಅಮ್ಮ ಮನೆಗೆ ಬಂದು ಅಪ್ಪನ ಮೇಲೆ ಹರಿಹಾಯ್ದಳು.

ರಾಗಿ ಕುಯ್ಲಿನ ಹೊತ್ತಿಗೆ ನನ್ನ ಕಣ್ಣು ನೆಟ್ಟಗಾಯಿತು. ಮುಂದಿನ ವರ್ಷಗಳಲ್ಲಿ ಅಕ್ಕನದು ಮತ್ತೆ ಹೊರಗೆ ಸರಿಯತೊಡಗಿತು. ಅಮ್ಮ ಬೇಕೆಂದೇ ನನ್ನನ್ನು ನೀರಿಗೆ ಕಳಿಸುವಳು. ನಮ್ಮಮ್ಮನ ದೃಷ್ಟಿಯೇ ತಾಕಿದ್ದೆಂದು ದೊಡ್ಡಮ್ಮ ಊರೆಲ್ಲ ಹೇಳಿಕೊಂಡು ಬಂದಳು.

ನನ್ನನ್ನು ತೋರಿಸಲು ಹೋದಾಗ ಅಪ್ಪ ಅಕ್ಕನ ಕಣ್ಣಿನ ಸಂಗತಿ ಹೇಳಿ, ನಿಮ್ಮ ಆಪರೇಷನ್ನೇ ಮೇಲಲ್ಲವೇ ಎಂದು ಡಾಕ್ಟರನ್ನು ಕೇಳಿದರು. ಎರಡೂ ಸರಿಯೇ, ಇವಳ ಕಣ್ಣೂ ಒಂದು ದಿನ ಹೊರಗೆ ಸರಿಯಬಹುದು, ಆ ಹುಡುಗಿಯನ್ನು ಕರೆತನ್ನಿ, ಒಳಸ್ನಾಯು ಬಿಗಿ ಮಾಡಿ ನೋಡೋಣ ಎಂದರು ಅವರು. ಊರಿಗೆ ಬಂದ ಅಪ್ಪ ಅದನ್ನು ಯಾರಿಗೂ ಹೇಳಲಿಲ್ಲ. ಬಾವಿಯ ಹತ್ತಿರ ನಾನೇ ಅಕ್ಕನಿಗೆ ಹೇಳಿದೆ.

"ನಿಮ್ಮ ಡಾಕ್ಟ್ರ ಹತ್ರ ಹೋಗೋದಕ್ಕಿಂತ ಹಿಂಗೇ ಇರ್ತೀನಿ ಕಣೇ," ಎಂದಳು. "ನಿಮ್ಮಮ್ಮ ನೋಡ್ಲಿ, ಹೊಟ್ಟೆ ತುಂಬ ನಗ್ಲಿ."

ಅವಳನ್ನು ಗೌರಿಬಿದನೂರಿಗೆ ಕೊಟ್ಟರು. ಮದುವೆಗೆ ನಮ್ಮನ್ನು ಕರೆಯಲಿಲ್ಲ. ಒಂದು ಸಲ ಅಲ್ಲಿನ ಸಂತೆಯಲ್ಲಿ ಎದುರಾದಳು. ಸೆರಗನ್ನು ಎಡಗಣ್ಣಿನವರೆಗೂ ಎಳೆದುಕೊಂಡಿದ್ದಳು. ಅಕ್ಕಾ ಎಂದೆ. ಅವಳಿಗೆ ನನ್ನ ಗುರುತು ಸಿಕ್ಕಿತು, ಆದರೂ ಸೊಪ್ಪಿನವಳ ಕಡೆ ತಿರುಗಿದಳು. ಇನ್ನೊಂದು ಸಲ ಕರೆಯಬೇಕೆಂದು ನನಗೂ ಅನ್ನಿಸಲಿಲ್ಲ.