ಬಂದರಿನ ದಂಡೆಯಲ್ಲಿ ಅವ್ವನ ಹಟ

ಅಕ್ಕನ ಅಸ್ಥಿಯನ್ನು ಕಂಪ್ಲಿಯಲ್ಲಿ ತುಂಗಭದ್ರೆಗೆ ಬಿಟ್ಟದ್ದು ಗಂಡಸರು. ಅಂಥ ಹೊತ್ತಿನಲ್ಲಿ ನಮ್ಮ ಮನೆಯ ಹೆಂಗಸರು ಹೊಳೆಗೆ ಹೋಗುವಂತಿರಲಿಲ್ಲ. ಅವ್ವ ಹಿತ್ತಿಲಲ್ಲೇ ಕೂತಿದ್ದಳು. ಹೆತ್ತವಳಿಗೆ ಕಡೆಯ ಸಲ ಕೈಮುಗಿಯಲೂ ಬಿಡದ ಅದೆಂಥ ಪದ್ಧತಿಯೋ! ನೆನೆದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ.

ವರ್ಷಾಂತಿಕ ಮುಗಿದ ಮೇಲೆ ಅವ್ವ ಅಪ್ಪನನ್ನು ಕೇಳಿದಳು, "ಈ ಹೊಳಿ ಎಲ್ಲಿಗೆ ಹೋಗ್ತದ್ರಿ?"

"ಕೃಷ್ಣಾಕ್ಕ ಕೂಡ್ತದ. ಆಮ್ಯಾಲ ಬಂದರಿನ ಕಡೆ ಸಮುದ್ರಕ್ಕ." ಬಂದರು ಎಂದರೆ ಮಚಲೀಪಟ್ಟಣ.

"ಹಂಗಾರ ಆ ನೀರಾಗ ನಾ ಒಮ್ಮೆ ಇಳೀಬೇಕು."

"ಹುಚ್ಚೇನು ನಿನಗ?" ಎಂದರು ಅಪ್ಪ. ಅವ್ವ ಜಗಳವಾಡಲಿಲ್ಲ. ಅಪ್ಪ ಒಪ್ಪುವ ತನಕ ಒಪ್ಪತ್ತು ಉಂಡಳು, ಅಷ್ಟೇ.

ಹುಣ್ಣಿಮೆ, ಅಮಾವಾಸ್ಯೆಯಂಥ ಪರ್ವದಿನ ಬಿಟ್ಟು ಬೇರೆ ದಿನ ಸಮುದ್ರ ಮುಟ್ಟಬಾರದೆಂಬುದು ನಮ್ಮಲ್ಲಿನ ಕಟ್ಟಳೆ. ಅಮಾವಾಸ್ಯೆಗೆ ತಲುಪುವ ಹಾಗೆ ಮೂವರೂ ಹೊಸಪೇಟೆಯಲ್ಲಿ ರೈಲು ಹತ್ತಿದೆವು. ಗುಂತಕಲ್ಲಿನಲ್ಲಿ ತಡವಾಗಿ, ಬೆಜವಾಡದಲ್ಲಿ ಮುಂದಿನ ಗಾಡಿ ತಪ್ಪಿ, ಬಂದರಿನಲ್ಲಿ ಇಳಿದಾಗ ಪಾಡ್ಯ! ನಾವು ಇಳಿದುಕೊಂಡ ಮನೆಯ ಪುರೋಹಿತರು ತೆಲುಗಿನಲ್ಲಿ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟರು: ಹುಣ್ಣಿಮೆಯವರೆಗೆ ಕಾಯಿರಿ, ಇಲ್ಲವೇ ದೂರದಿಂದಲೇ ಕೈಮುಗಿದು ಹೊರಡಿ. ಶಾಲೆಯ ಮೇಷ್ಟ್ರಾದ ಅಪ್ಪನಿಗೆ ಅಷ್ಟು ರಜೆ ಎಲ್ಲಿಯದು?

ಹಡಗುಗಳ ಊರೆಂದು ಅಪ್ಪ ದಾರಿಯುದ್ದಕ್ಕೂ ವರ್ಣಿಸಿದ್ದರು. ನೋಡಿದರೆ ಡಚ್ಚರ ಗೋರಿಗಳು, ಮುರಿದ ಉಗ್ರಾಣಗಳು, ಎಲ್ಲೆಲ್ಲೂ ಕೆಸರು. ಹೂಳು ತುಂಬಿ ದೊಡ್ಡ ಹಡಗು ದಡಕ್ಕೇ ಬರುವುದಿಲ್ಲವಂತೆ. "ಇದಕ್ಕಿಂತ ನಮ್ಮ ಹಂಪಿ ಹಾಳೇ ಮಸ್ತ್ ಐತಿ" ಎಂದು ನಾನು ಗೊಣಗಿದೆ. ಅವ್ವ ಅದೊಂದನ್ನೂ ಕಣ್ಣೆತ್ತಿ ನೋಡಲಿಲ್ಲ. "ನೀರೆಲ್ಲಿ?" ಎಂದಳು.

ಪುರೋಹಿತರೇ ಎತ್ತಿನ ಗಾಡಿಯಲ್ಲಿ ಊರಾಚೆಯ ದಂಡೆಗೆ ಕರೆದೊಯ್ದರು. ನೀರು ಎಷ್ಟೋ ದೂರದಲ್ಲಿತ್ತು. ಅವ್ವ ಮರಳಿನ ಮೇಲೆ ಕೂತಳು. "ಮುಟ್ಟೂದಿಲ್ಲ. ನೋಡ್ಕೋತ ಕುಂದರ್ತೀನಿ." ಪಕ್ಕದಲ್ಲಿ ಬಟ್ಟೆಯ ಗಂಟು ಇಟ್ಟು ನಾವೂ ಕೂತೆವು. ನಾವು ಹೊಳೆ ದಂಡೆಯ ಜನ. ಮಳೆ ಬಂದರೆ ನೀರು ಏರುತ್ತದೆ, ಇಲ್ಲವಾದರೆ ಇದ್ದಲ್ಲೇ ಇರುತ್ತದೆ. ಮೋಡವೇ ಇಲ್ಲದ ದಿನ ನೀರು ತಾನಾಗಿ ಮೇಲೆ ಬರುತ್ತದೆಂದು ಯಾರಿಗೆ ಗೊತ್ತಿತ್ತು?

"ಉಬ್ಬರ! ಎಬ್ಬಿಸಿರಿ ಅವರನ್ನ!" ಎಂದು ಪುರೋಹಿತರು ಗಾಡಿಯಿಂದಲೇ ತೆಲುಗಿನಲ್ಲಿ ಕೂಗಿದರು. ಅಪ್ಪ ಗಡಬಡಿಸಿ ಗಂಟು ಎತ್ತಿಕೊಂಡರು. ನಾನು ಅವ್ವನ ರಟ್ಟೆ ಹಿಡಿದೆ. "ಜಲ್ದಿ ಏಳವ್ವಾ!"

ಅವ್ವ ಕೈ ಕೊಡವಿದಳು. "ಬಿಡು. ನಾನೇನು ಅದನ್ನ ಮುಟ್ಟಲಿಕ್ಕ ಹೋಗಿಲ್ಲ. ಕುಂತಲ್ಲೇ ಕುಂತೀನಿ."

ಮೊದಲ ತೆರೆ ಅವಳ ಪಾದಕ್ಕೆ ಬಂತು, ಮುಂದಿನದು ಮಡಿಲಿಗೆ. ಅವ್ವ ಎರಡೂ ಕೈಯಲ್ಲಿ ನೀರು ಎತ್ತಿ ಕಣ್ಣಿಗೆ ಒತ್ತಿಕೊಂಡಳು. "ಬಂದ್ಯಾ, ನನ್ನವ್ವಾ?" ಎಂದಳು. ಆ ಒಂದು ವರ್ಷದಲ್ಲಿ ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅಪ್ಪ ಗಂಟನ್ನು ನನ್ನ ಕೈಗೆ ಕೊಟ್ಟು, ಪುರೋಹಿತರ ಕಡೆ ತಿರುಗಿಯೂ ನೋಡದೆ, ಅವ್ವನ ಪಕ್ಕ ನೀರಿನಲ್ಲಿ ಕೂತರು.