ರಟ್ಟಿನ ಮೇಲೆ ಮಲಗಿದ ಆಯಿ

ಬಣ್ಣ ಎಂದರೆ ನನಗೆ ಮೊದಲು ನೆನಪಾಗುವುದು ಸಾಬೂನು. ಹಾಗಾಗಿ ಗೋವಾದ ಕುಂಕಳ್ಳಿಯ ನಮ್ಮ ಓಣಿಯ ಬಾಲವಾಡಿಯಲ್ಲಿ ಟೀಚರು ಮಕ್ಕಳ ಅಂಗಾಲಿಗೆ ಬಣ್ಣ ಬಳಿದು ಹಾಳೆಯ ಮೇಲೆ ಕುಣಿಸುತ್ತಾರೆಂದು ಗೊತ್ತಾದಾಗ ನನಗೆ ಸಿಟ್ಟೇ ಬಂತು. ಅಂಗಿ ಒಗೆಯುವವಳು ನಾನಲ್ಲವೇ? ಜಗಳ ತೆಗೆಯಲೆಂದೇ ಒಂದು ಶನಿವಾರ ಹೋದೆ. ಮನೆಯಲ್ಲಿ ಒಂದು ಕಡೆ ಕೂರದ ನನ್ನ ಮಗ ಮೂಗಿನ ತುದಿಗೆ ನೀಲಿ ಹಚ್ಚಿಕೊಂಡು, ಉಸಿರು ಬಿಗಿಹಿಡಿದು, ಮೂಗಿನಿಂದಲೇ ಗೆರೆ ಎಳೆಯುತ್ತಿದ್ದ. ಜಗಳ ಅಲ್ಲಿಗೇ ಮುಗಿಯಿತು. ಆಮೇಲೆ ನನ್ನ ಶನಿವಾರಗಳೆಲ್ಲ ಅಲ್ಲೇ ಕಳೆದವು.

ಟೀಚರು ಕಾಣಕೋಣದವರು, ಕೊಂಕಣಿ ಮತ್ತು ಹಿಂದಿ ಬಲ್ಲವರು. ಅರ್ಧ ಮಕ್ಕಳು ವಿಜಯಪುರದ ಕಡೆಯಿಂದ ಫ್ಯಾಕ್ಟರಿ ಕೆಲಸಕ್ಕೆ ಬಂದವರವು. ಧಾರವಾಡದವಳಾದ ನಾನು ಆಚೀಚೆ ಮಾತು ಮುಟ್ಟಿಸುತ್ತಿದ್ದೆ.

ಅಲ್ಲೊಂದು ಹುಡುಗಿ. ವಯಸ್ಸಿಗಿಂತ ತೀರಾ ಗಿಡ್ಡ. ಸೇರಿದಾಗಿನಿಂದ ಒಂದು ಮಾತೂ ಆಡಿದವಳಲ್ಲ. ಅಪ್ಪ, ಅವ್ವ ಇಬ್ಬರೂ ಪಾಳಿಗೆ ಹೋಗುತ್ತಿದ್ದರಿಂದ ಆಯಿ, ಅಂದರೆ ಅಜ್ಜಿ, ಕರೆತಂದು ಬಾಗಿಲಲ್ಲಿ ಕೂತಿರುತ್ತಿದ್ದರು. ಒಂದು ಶನಿವಾರ ಟೀಚರು ದೊಡ್ಡ ರಟ್ಟಿನ ಪೆಟ್ಟಿಗೆಗಳನ್ನು ಬಿಚ್ಚಿ ಹಾಸಿ, ಮಕ್ಕಳನ್ನು ಮಲಗಿಸಿ, ಮೈಯ ಅಂಚಿಗೆ ಇದ್ದಿಲಿನಿಂದ ಗೆರೆ ಎಳೆಯುತ್ತಿದ್ದರು. ಹುಡುಗಿ ತಾನಾಗಿ ಹೋಗಿ ಮಲಗಿದಳು. ಇದ್ದಿಲು ಕಂಕುಳಿಗೆ ತಾಗಿದ್ದೇ ಗಟ್ಟಿಯಾಗಿ ನಕ್ಕಳು. ಆ ಖುಷಿಯಲ್ಲಿ ಟೀಚರು ಇನ್ನೊಂದು ಬದಿಗೆ ಹೋಗಲು ಅವಳನ್ನು ದಾಟಿಬಿಟ್ಟರು.

"ಅಯ್ಯ, ಕೂಸಿನ್ನ ದಾಟಿದ್ರಲ್ರೀ! ಮದ್ಲ ಗಿಡ್ಡ ಐತಿ, ಇನ್ನ ಹ್ಯಾಂಗ ಬೆಳೀತೈತ್ರಿ? ಏಳ, ನಡಿ. ಇನ್ನ ಈ ಸಾಲಿ ಬ್ಯಾಡ." ಆಯಿ ಮೊಮ್ಮಗಳ ಚೀಲ ಹೆಗಲಿಗೇರಿಸಿಕೊಂಡರು. ಹುಡುಗಿಯ ನಗು ನಿಂತಿತು.

ಮಲಗಿದ ಮಗುವನ್ನು ದಾಟಿದರೆ ಅದು ಬೆಳೆಯುವುದಿಲ್ಲವೆಂದು ನಮ್ಮ ಮನೆಯಲ್ಲೂ ಬೈಯುತ್ತಿದ್ದರು. ಟೀಚರಿಗೆ ಹಿಂದಿಯಲ್ಲಿ ಹೇಳಿದೆ. ಮೂಢನಂಬಿಕೆಯ ಮೇಲೊಂದು ಭಾಷಣ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಅವರು ಮಾತ್ರ ಎರಡೂ ಕಿವಿ ಹಿಡಿದುಕೊಂಡು, ಈಗ ಏನು ಮಾಡಬೇಕು ಕೇಳಿ ಅಂದರು.

"ದಾಟಿದಾಂಗನ ಹೊಳ್ಳಿ ದಾಟಬೇಕ್ರಿ," ಅಂದರು ಆಯಿ.

ಟೀಚರು ಸೀರೆಯ ನೆರಿಗೆ ಎತ್ತಿ ಹಿಡಿದು, ನಿಧಾನವಾಗಿ, ಚೂರೂ ನಗದೆ ಹಿಂದಕ್ಕೆ ದಾಟಿದರು. ಸರಿಯಾಯಿತೇ ಎಂದು ಕಣ್ಣಲ್ಲೇ ಕೇಳಿದರು. ಎಂಥ ಹೆಂಗಸು ಅನ್ನಿಸಿತು ನನಗೆ. ಇವತ್ತಿಗೂ ಹಾಗೇ ಅನ್ನಿಸುತ್ತದೆ.

ಆಯಿಯ ಸಿಟ್ಟು ಇಳಿದರೂ ಚೀಲ ಹೆಗಲಿನಿಂದ ಇಳಿಯಲಿಲ್ಲ. "ಆತು. ಆದ್ರೂ ಮನಿಗೆ ಹೋಗೂಣು."

ಹುಡುಗಿ ಎದ್ದಳು. ಟೀಚರ ಕೈಯಿಂದ ಇದ್ದಿಲು ತೆಗೆದುಕೊಂಡು ಪಕ್ಕದ ರಟ್ಟು ತೋರಿಸಿದಳು. "ಆಯಿ, ನೀ ಮಲ್ಕೋ." ಆ ಕೋಣೆಯಲ್ಲಿ ಅವಳಾಡಿದ ಮೊದಲ ಮಾತು ಅದು.

"ಈ ವಯಸ್ಸಿನ್ಯಾಗ ಎಂಥಾ ಆಟ ತಗಿ," ಎಂದು ನಾಚಿಕೊಳ್ಳುತ್ತಲೇ ಆಯಿ ಸೆರಗು ಬಿಗಿದುಕೊಂಡು, ಚೀಲದ ಸಮೇತ ಮಲಗಿದರು. ಮೊಮ್ಮಗಳು ತಲೆಯಿಂದ ಗೆರೆ ಶುರುಮಾಡಿ ಮೊಣಕಾಲ ಹತ್ತಿರ ಬಂದಿದ್ದಳು. ಅಷ್ಟರಲ್ಲಿ ನನ್ನ ಮಗ ಓಡಿಬಂದು ಕಾಲೆತ್ತಿದ. ಅವಳು ಎರಡೂ ಕೈ ಚಾಚಿ ಅಡ್ಡ ನಿಂತಳು.

"ದಾಟಬ್ಯಾಡೋ! ನಮ್ಮ ಆಯಿ ಇನ್ನಾ ಬೆಳೀಬೇಕು."

ಆಯಿ ಅಲುಗಾಡಲಿಲ್ಲ. ಸೂರು ನೋಡುತ್ತಲೇ ನನಗೆ ಹೇಳಿದರು, "ಸೋಮವಾರ ಎಷ್ಟಕ್ಕ ಕರ್ಕೊಂಡ ಬರ್ಲಿ, ಅಕ್ಕೋರ್ನ ಕೇಳ್ರಿ."