ಖಲಾಸ್ ಅನ್ನುವ ಮೊದಲು

ನಿನ್ನೆ ಮಗಳು ಶ್ರುತಿ ನನಗೊಂದು ಹೊಸ ಫೋನ್ ತಂದಳು. ಹಳೆಯದರಲ್ಲಿದ್ದದ್ದನ್ನೆಲ್ಲ ಅದಕ್ಕೆ ತುಂಬಿಸಿ, "ಅಮ್ಮಾ, ಟ್ರಾನ್ಸ್‌ಫರ್ ಕಂಪ್ಲೀಟ್. ಹಳೇದನ್ನು ಎರೇಸ್ ಮಾಡ್ಲಾ?" ಎಂದಳು. "ಕೈ ತೆಗಿ ಮಾರಾಯ್ತಿ!" ಎಂದು ನಾನು ಕೂಗಿದ ರಭಸಕ್ಕೆ ಅವಳ ಚಹಾ ಚೆಲ್ಲಿತು. ಕಳೆದ ವರ್ಷ ತೀರಿಕೊಂಡ ರಾಯರ ಕೊನೆಯ ಧ್ವನಿ ಸಂದೇಶ ಆ ಫೋನಿನಲ್ಲಿತ್ತು. ಹಾಗೆ ಕೂಗುವುದನ್ನು ಕಲಿಸಿದವರೂ ಅವರೇ.

ಯಾವ ರಾಯರು ಅನ್ನುತ್ತೀರಾ? ತೊಂಬತ್ತರ ದಶಕದಲ್ಲಿ ನಾನು ಒಮಾನಿನ ಸಹಮ್‌ನಲ್ಲಿ ಒಂದು ಐಸ್ ಕಾರ್ಖಾನೆಯ ಟೈಪಿಸ್ಟ್. ಉಡುಪಿ ಕಡೆಯವಳು, ಬಾಯಿ ಸ್ವಲ್ಪ ಜೋರು. ರಾಯರು ಮೈಸೂರಿನವರು. ಐಸ್ ಯಂತ್ರಗಳನ್ನು ನಡೆಸುವ ಕಂಪ್ಯೂಟರ್ ಅವರ ಸುಪರ್ದಿಯಲ್ಲಿತ್ತು. ಹೊಸ ಬಾಡಿಗೆ ಮನೆಯಲ್ಲಿ ಒಲೆ ಹೊತ್ತಿ, ನಲ್ಲಿಯಲ್ಲಿ ನೀರು ಬರುವ ತನಕ ಹಳೆ ಮನೆಯ ಬೀಗದ ಕೈ ಕೊಡದ ಮನುಷ್ಯ. "ಹೊಸ ಚಪ್ಪಲಿ ಕೊಂಡ್ರೆ ಹಳೇದನ್ನ ಚೀಲದಲ್ಲಿ ಹಾಕ್ಕೊಂಡು ನಡೀತಾರೆ ಕಣ್ರೀ" ಎಂದು ಅವರ ಹೆಂಡತಿ ಗೋಳಾಡುತ್ತಿದ್ದರು.

ಕಂಪ್ಯೂಟರಿನಲ್ಲೂ ಅದೇ ಕ್ರಮ. ಯಂತ್ರದ ಅಳತೆಗಳಿದ್ದ ಫೈಲನ್ನು ತಿದ್ದಬೇಕಾದರೆ ಹಳೆಯದರ ಮೇಲೆ ಬರೆಯುತ್ತಿರಲಿಲ್ಲ. ಬೇರೆ ಹೆಸರಿನಲ್ಲಿ ಹೊಸದನ್ನು ಬರೆದು, ಕಂಪ್ಯೂಟರ್ ಪೆಟ್ಟಿಗೆಯ ಕೆಂಪು ದೀಪ ಆರುವುದನ್ನು ಕಾದು, ತೆರೆದು ಕೊನೆಯ ತನಕ ಓದಿ, ಆಮೇಲೆಯೇ ಹಳೆಯದರ ಹೆಸರನ್ನು ಹೊಸದಕ್ಕೆ ಕೊಡುವುದು. "ಎಂತ ಸಾರ್, ಸೇವ್ ಆಯ್ತು ಅಂತ ಅದೇ ಹೇಳ್ತದಲ್ಲ!" ಎಂದು ನಾನು ರೇಗಿಸುತ್ತಿದ್ದೆ. ಕಂಪ್ಯೂಟರೆಂದರೆ ಟಿವಿ ಅಂಟಿಸಿದ ಟೈಪ್‌ರೈಟರ್ ಎಂದು ತಿಳಿದಿದ್ದ ಪಂಡಿತೆ ನಾನು. "ಪರದೆ ಆಯ್ತು ಅಂದ್ರೆ ಆಗೋಲ್ಲಮ್ಮ. ಅದಿನ್ನೂ ನೆನಪಲ್ಲಿಟ್ಕೊಂಡಿರತ್ತೆ. ಡಿಸ್ಕಿಗೆ ಬರೆಯೋದು ಆಮೇಲೆ. ಕೆಂಪು ದೀಪ ಆರಿದ್ರೇನೆ ಬರೆದು ಮುಗೀತು ಅಂತ" ಎನ್ನುತ್ತಿದ್ದರು.

ಅಲ್ಲಿ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಆಫೀಸಿಗೆ ಬೀಗ. ಕೊನೆಗೆ ಹೊರಡುವವರು ಏಸಿಯ ಮೇನ್ ಸ್ವಿಚ್ ಇಳಿಸಿ ಹೋಗುವುದು ಪದ್ಧತಿ. ಕಂಪ್ಯೂಟರೂ ಅದೇ ಸ್ವಿಚ್ಚಿಗೆ ಜೋತುಬಿದ್ದಿತ್ತು. ಒಂದು ಜೂನ್ ತಿಂಗಳಲ್ಲಿ ನಲ್ಲಿಯ ನೀರೇ ಕುದಿಯುವಂತಿತ್ತು. ಅದಕ್ಕೆ ತಕ್ಕಂತೆ ಅಳತೆ ಬದಲಿಸಲು ರಾಯರು ಯಂತ್ರ ನಿಲ್ಲಿಸಿ ಕುಳಿತಿದ್ದರು. ಮ್ಯಾನೇಜರ್ ಖಮೀಸ್‌ಗೆ ಹಸಿವು. ಪರದೆಯಲ್ಲಿ 'ಸೇವ್ಡ್' ಎಂದು ಬಂದದ್ದೇ ತಡ, "ರಾವ್ ಸಾಬ್, ಖಲಾಸ್! ಯಲ್ಲಾ!", ಮುಗೀತು, ನಡೀರಿ, ಎಂದು ಸ್ವಿಚ್ ಇಳಿಸಿಯೇಬಿಟ್ಟ. ಕೆಂಪು ದೀಪ ಇನ್ನೂ ಮಿಣುಕುತ್ತಿತ್ತು.

ಸ್ವಿಚ್ ಮತ್ತೆ ಏರಿಸಿ ರಾಯರು ಹೊಸ ಫೈಲ್ ತೆರೆದರು. ಅರ್ಧ ಅಳತೆ, ಉಳಿದರ್ಧ ಕಸ. ಖಮೀಸ್‌ನ ಮುಖ ಬಿಳಿಚಿತು. ಸಂಜೆ ದೋಣಿಗಳು ಬರುತ್ತವೆ. ಐಸ್ ಇಲ್ಲದಿದ್ದರೆ ಆ ಬಿಸಿಲಿಗೆ ಮೀನೆಲ್ಲ ಮಣ್ಣುಪಾಲು. ಅವನ ಇಬ್ಬರು ತಮ್ಮಂದಿರೂ ಕಡಲಿನಲ್ಲಿದ್ದರು. "ಮೇರಾ ಭಾಯಿ ಲೋಗ್..." ಎಂದು ಅಲ್ಲೇ ಕುಳಿತುಬಿಟ್ಟ.

"ಹಳೇದನ್ನ ನಾನಿನ್ನೂ ಮುಟ್ಟಿಲ್ಲ ಕಣಯ್ಯಾ" ಎಂದರು ರಾಯರು, ಅವನಿಗೆ ಕನ್ನಡ ಬಾರದೆಂಬುದನ್ನೇ ಮರೆತು. ಹಳೆಯ ಅಳತೆಯಲ್ಲಿ ಯಂತ್ರ ಗುಡುಗುಡಿಸಿತು. ಐಸ್ ಸ್ವಲ್ಪ ಮೆದುವಾಗಿತ್ತು, ಅಷ್ಟೇ. ತಮ್ಮಂದಿರು ಬುಟ್ಟಿ ತುಂಬಿಸಿಕೊಂಡು ಹೋದರು. ಮರುದಿನದಿಂದ ಖಮೀಸ್ ಎಷ್ಟೇ ಹಸಿದಿದ್ದರೂ ಸ್ವಿಚ್ಚಿನ ಪಕ್ಕ ನಿಂತು "ಬತ್ತಿ ಬುಝಾ?", ದೀಪ ಆರಿತಾ, ಎಂದು ಕೇಳುತ್ತಿದ್ದ.

ಇದನ್ನೆಲ್ಲ ಕೇಳಿದ ಶ್ರುತಿ, "ಅಮ್ಮಾ, ದಟ್ ವಾಸ್ ದೆನ್. ಈಗ ಹಾಗೆಲ್ಲ ಆಗುದಿಲ್ಲ" ಎಂದು ನಗುತ್ತ ಹೊಸ ಫೋನಿನಲ್ಲಿ ರಾಯರ ಸಂದೇಶ ಒತ್ತಿದಳು. "ಊಟ ಆಯ್ತೇನಮ್ಮಾ? ನಾನಿಲ್ಲಿ..." ಎಂದ ರಾಯರು ಅಲ್ಲಿಗೇ ನಿಂತುಹೋದರು. ಮತ್ತೆ ಒತ್ತಿದಳು. ಮತ್ತೆ ಅಲ್ಲಿಗೇ.

ಹಳೆಯ ಫೋನ್ ತೆಗೆದುಕೊಂಡಳು. "ಊಟ ಆಯ್ತೇನಮ್ಮಾ? ನಾನಿಲ್ಲಿ ಚೆನ್ನಾಗಿದೀನಿ. ಬಂದಾಗ ಬಾ, ಅವಸರ ಏನಿಲ್ಲ."

ನನಗೆ ಅಳು ತಡೆಯಲಾಗಲಿಲ್ಲ. ಶ್ರುತಿ ನಗಲಿಲ್ಲ. ಹಳೆಯ ಫೋನನ್ನು ಚಾರ್ಜಿಗೆ ಹಾಕಿ, ನನ್ನ ಪಕ್ಕ ಬಂದು ಕುಳಿತಳು. "ಇನ್ನೊಮ್ಮೆ ಕಾಪಿ ಮಾಡುವ ಅಮ್ಮಾ. ಕೊನೇ ತನಕ ಕೇಳಿಯೇ ನೋಡುವ."